ಅರ್ಧ ತಾಸಿನ ಮಾತು, ಏಳು ಕುರಿ

ಮಸಗುಪ್ಪಿಯ ನಿವೃತ್ತ ಕನ್ನಡ ಮಾಸ್ತರ ಬೀರಸಿದ್ದಪ್ಪನವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಮೊಣಕಾಲು ನೋವಿರಲಿಲ್ಲ. ಬಿ.ಪಿ. ನೋಡಿದ ಡಾಕ್ಟರರು ಪ್ರತಿ ಸಲವೂ ‘ಹುಡುಗರಂಗ ಅದೀರಿ’ ಎಂದು ಬೆನ್ನು ತಟ್ಟಿ ಕಳಿಸುತ್ತಿದ್ದರು. ಅವರಿಗಿದ್ದದ್ದು ಒಂದೇ ಬೇನೆ. ಜನರು ಶಬ್ದಗಳನ್ನು ಅವುಗಳ ಮೂಲ ಅರ್ಥದಲ್ಲಿ ಬಳಸುತ್ತಿರಲಿಲ್ಲ. (ಈ ಬೇನೆಗೆ ಔಷಧಿ ಇದ್ದಿದ್ದರೂ ಅವರು ತೆಗೆದುಕೊಳ್ಳುತ್ತಿರಲಿಲ್ಲ. ಬಾಟಲಿಯ ಮೇಲಿನ ಕನ್ನಡ ತಿದ್ದುವುದರಲ್ಲೇ ಔಷಧಿಯ ಅವಧಿ ಮುಗಿದಿರುತ್ತಿತ್ತು.)

ಶ್ರಾವಣದ ಮೊದಲ ಸೋಮವಾರ ಹೆಂಡತಿ ಮಾಯವ್ವ ಅವರ ಮುಂದೆ ಒಂದು ತಾಟು ತಂದಿಟ್ಟಳು. ತಾಟಿನ ತುಂಬ ಸಾಬೂದಾಣಿ, ಅದರ ಮೇಲೆ ಶೇಂಗಾಪುಡಿ, ಬದಿಗೆ ಮೊಸರು, ಮೊಸರಿನ ಬದಿಗೆ ಎರಡು ಬಾಳೆಹಣ್ಣು.

“ಏನಿದು?” ಎಂದರು ಬೀರಸಿದ್ದಪ್ಪನವರು.

“ಇವತ್ತ ಉಪವಾಸ ಅಲ್ರಿ.”

“ಉಪವಾಸ ಅಂದ್ರ ಏನಂತ ಗೊತ್ತೈತೇನ ನಿನಗ? ಉಪ ಅಂದ್ರ ಹತ್ತರ. ವಾಸ ಅಂದ್ರ ಇರೂದು. ದೇವರ ಹತ್ತರ ಇರೂದು ಅಂತ ಅದರ ಅರ್ಥ. ಮುಂದ ಅದು ಊಟ ಬಿಡೂದು ಅಂತ ಆತು. ಈಗ ನಿನ್ನ ಕೈಯಾಗ ಸಿಕ್ಕು ದಿನಾ ತಿನ್ನೂದಕ್ಕಿಂತ ಎರಡಪಟ್ಟ ತಿನ್ನೂದು ಅಂತ ಆಗೇತಿ.”

“ದೇವರ ಹತ್ತರ ಇರಾಕ ಹೊಟ್ಟಿ ತುಂಬಿರಬೇಕಲ್ರಿ? ತಿಂತೀರೋ, ತಗೀಲೋ?”

ಬೀರಸಿದ್ದಪ್ಪನವರು ತಿಂದರು. ಎರಡನೇ ತಾಟಿಗೂ ಬೇಡವೆನ್ನಲಿಲ್ಲ. ಗೋಡೆಗೊರಗಿ ಕುಳಿತಿದ್ದ ಅವರ ತಾಯಿ ಲಗಮವ್ವ, ಎಂಬತ್ತನಾಲ್ಕರ ಮುದುಕಿ, ಹಲ್ಲಿಲ್ಲದ ಬಾಯಿ ಚಪ್ಪರಿಸಿ, “ಭಯಂಕರ ರುಚಿ ಆಗೇತಿ ಬಿಡವಾ” ಎಂದಳು.

“ಯವ್ವಾ, ಭಯಂಕರ ಅಂದ್ರ ಅಂಜಿಕಿ ಹುಟ್ಟಸೂದು.”

“ಹೌದಪಾ. ಇನ್ನೊಂದ ತಾಟ ತಿಂದ ಬಿಟ್ಟೇನೋ ಅಂತ ಅಂಜಿಕಿ ಬರಾಕತ್ತೇತಿ.”

ಇಂಥ ಮನೆಯಲ್ಲಿ ಭಾಷೆಯ ರಕ್ಷಣೆ ಮಾಡುವುದು ಎಷ್ಟು ಕಷ್ಟ ಎಂಬುದನ್ನು ಓದುಗರೇ ಊಹಿಸಬೇಕು. ಬೀರಸಿದ್ದಪ್ಪನವರನ್ನು ಊರೆಲ್ಲ ‘ಮಾಯವ್ವನ ಯಜಮಾನರು’ ಎಂದೇ ಕರೆಯುತ್ತಿತ್ತು. ಯಜಮಾನ ಎಂದರೆ ಯಜ್ಞ ಮಾಡುವವನು ಎಂದು ಅವರಿಗೆ ಗೊತ್ತಿತ್ತು. ತಾವು ಮಾಡುತ್ತಿದ್ದದ್ದು ಹಾಲು ತರುವುದು, ಹಿಟ್ಟು ಬೀಸಿಸಿಕೊಂಡು ಬರುವುದು, ಗ್ಯಾಸಿನ ಸಿಲಿಂಡರು ಉರುಳಿಸುವುದು ಎಂಬುದೂ ಗೊತ್ತಿತ್ತು. ಆದ್ದರಿಂದ ಆ ಒಂದು ಶಬ್ದದ ಮೂಲವನ್ನು ಮಾತ್ರ ಅವರು ಮನೆಯಲ್ಲಿ ಎತ್ತುತ್ತಿರಲಿಲ್ಲ.

ಅವರ ಮನಸ್ಸಿನಲ್ಲಿ ಒಂದು ಆಸೆ ಬಹಳ ವರ್ಷಗಳಿಂದ ಕೂತಿತ್ತು. ಗೋಕಾಕದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿದರೂ ಒಂದು ಸಭೆಯಲ್ಲೂ ಅವರಿಗೆ ಭಾಷಣ ಸಿಕ್ಕಿರಲಿಲ್ಲ. ಎಲ್ಲ ಕಡೆಯೂ ವಂದನಾರ್ಪಣೆಯೇ. ಅವರು ಎದ್ದು ನಿಲ್ಲುವ ಹೊತ್ತಿಗೆ ಮೈಕಿನವನು ವೈರು ಸುತ್ತುತ್ತಿದ್ದ. ತಲೆಯಲ್ಲಿ ಇಷ್ಟು ವಿದ್ಯೆ ತುಂಬಿಕೊಂಡು ಶಾಮಿಯಾನದವರಿಗೆ ಮತ್ತು ಚಹಾ ಮಾಡಿದವರಿಗೆ ವಂದನೆ ಹೇಳುತ್ತ ಬಾಳು ಕಳೆಯಿತಲ್ಲ ಎಂದು ಅವರಿಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಸಾಯುವುದರೊಳಗೆ ಒಂದು ಸಲ, ಅರ್ಧ ತಾಸು, ಮೈಕಿನ ಮುಂದೆ ನಿಂತು ಮಾತನಾಡಬೇಕು. ಅವರ ಆಸೆ ಇಷ್ಟೇ.

ಆ ವರ್ಷ ಮೂಡಲಗಿಯಲ್ಲಿ ‘ನುಡಿ ಜಾತ್ರೆ’ ಎಂಬ ಕಾರ್ಯಕ್ರಮ ನಿಗದಿಯಾಯಿತು. ಅದರ ಸಂಚಾಲಕ ಶ್ರೀಶೈಲ ಬೀರಸಿದ್ದಪ್ಪನವರ ಹಳೆಯ ವಿದ್ಯಾರ್ಥಿ. ಬೀರಸಿದ್ದಪ್ಪನವರು ಅವನಿಗೆ ನಾಲ್ಕು ಪುಟದ ಪತ್ರ ಬರೆದರು. ಅವನು ಒಂದೇ ಸಾಲಿನ ಉತ್ತರ ಕೊಟ್ಟ: ಮಂಗಳವಾರ ಮೂಡಲಗಿಗೆ ಬರ್ರಿ ಸರ್, ಗೋಷ್ಠಿಯ ಅಧ್ಯಕ್ಷರು ಬರ್ತಾರ, ಅವರ ಮುಂದ ಮಾತಾಡೋಣ.

ಅಧ್ಯಕ್ಷರು ಎಂದರೆ ಬಿಳಿಗೂದಲು, ಹೆಗಲ ಮೇಲೆ ಶಾಲು ಎಂದುಕೊಂಡಿದ್ದ ಬೀರಸಿದ್ದಪ್ಪನವರಿಗೆ ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ ಸಿಕ್ಕವರು ಮೂವತ್ತೈದರ ಹೆಣ್ಣುಮಗಳು. ಆಮ್ರಪಾಲಿ ಎಂದು ಹೆಸರು. ಹುಕ್ಕೇರಿಯಲ್ಲಿ ಕಾಲೇಜು ಉಪನ್ಯಾಸಕಿ. ಶಬ್ದಗಳ ಅರ್ಥ ಹೇಗೆ ಬದಲಾಗುತ್ತದೆ ಎಂಬುದರ ಮೇಲೆಯೇ ದಪ್ಪ ಪ್ರಬಂಧ ಬರೆದು ಡಾಕ್ಟರೇಟು ಪಡೆದವರು.

“ವಿಷಯ ಏನ ಇಟಗೊಂಡೀರಿ ಸರ್?” ಎಂದು ಕೇಳಿದರು.

“ಶಬ್ದದ ಅರ್ಥ ಅಚಲ ಅಂತ. ಶಬ್ದ ಬದಲಾಗಂಗಿಲ್ರಿ. ಕೆಡಸಾವ್ರು ನಾವು.”

“ಬದಲಾಗ್ತಾವಲ್ರಿ ಸರ್. ಪತ್ರ ಅಂದ್ರ ಮೊದಲ ಎಲಿ. ನೀವು ಶ್ರೀಶೈಲ ಅವರಿಗೆ ಬರದದ್ದೂ ಪತ್ರನ. ಎಲಿ ಮ್ಯಾಲೇನ ಬರದಿಲ್ಲಲ್ರಿ?”

ಎದುರಿಗಿದ್ದವರು ಸೊಕ್ಕಿನಿಂದ ಹೇಳಿದ್ದರೆ ಜಗಳಾಡಬಹುದಿತ್ತು. ಈಕೆ ನಗುತ್ತ, ಚಹಾದ ಕಪ್ಪು ಮುಂದೆ ಸರಿಸುತ್ತ ಹೇಳಿದ್ದರು. ಅರ್ಧ ತಾಸು ಕೈ ಬಿಟ್ಟು ಹೋಗುತ್ತಿದೆ ಎಂದು ಬೀರಸಿದ್ದಪ್ಪನವರಿಗೆ ಅನ್ನಿಸಿತು. ಆ ಗಾಬರಿಯಲ್ಲಿ ಅವರಿಗೆ ತಮ್ಮ ಮನೆಯ ಹಿತ್ತಲು ನೆನಪಾಯಿತು.

“ಪುಸ್ತಕದ ಮಾತ ಬಿಡ್ರಿ ಮೇಡಂ. ನಾವು ಹಾಲುಮತದಾವ್ರು. ನಮ್ಮ ಮನ್ಯಾಗ ಕುರಿ ಕರಿಯೋ ಒಂದು ಕೂಗ ಐತಿ. ಏಳ ತಲಿಮಾರಿಂದ ಅದ ಕೂಗು, ಅದ ಅರ್ಥ. ಒಂದು ಅಕ್ಷರ ಬದಲಾಗಿಲ್ಲ. ನಮ್ಮವ್ವ ಹೊರಗ ನಿಂತು ಕೂಗಿದ್ರ ನೂರ ಕುರಿ ಓಡಿ ಬರ್ತಿದ್ವು. ಕುರಿಗೇನು ಟಿ.ವಿ. ಇಲ್ಲ, ಮೊಬೈಲ್ ಇಲ್ಲ. ಅವು ಶಬ್ದ ಕೆಡಸಂಗಿಲ್ಲ.”

ಆಮ್ರಪಾಲಿಯವರ ಕಣ್ಣು ಅಗಲವಾದವು. “ಖರೇನ್ರಿ ಸರ್? ನಾ ಬಂದು ನೋಡಬಹುದಾ?”

ಶ್ರೀಶೈಲ ಅಲ್ಲೇ ಫೈಸಲಾ ಮಾಡಿಬಿಟ್ಟ. ಬರುವ ರವಿವಾರ ಬಿಟ್ಟು ಅದರ ಮುಂದಿನ ರವಿವಾರ ಮಸಗುಪ್ಪಿಗೆ ಬರುವುದು. ಕುರಿ ಆ ಕೂಗಿಗೆ ಬಂದರೆ ಸರ್‌ಗೆ ಅರ್ಧ ತಾಸು ಉಪನ್ಯಾಸ. ಬರದಿದ್ದರೆ, ಶ್ರೀಶೈಲ ತಲೆ ಕೆರೆದುಕೊಂಡ, “ವಂದನಾರ್ಪಣೆ ನಿಮಗಂತ ಹೆಂಗೂ ಇಟ್ಟೇವ್ರಿ ಸರ್.”

ಮನೆಗೆ ಬಂದವರೇ ಬೀರಸಿದ್ದಪ್ಪನವರು ಹಿತ್ತಲಿಗೆ ಹೋದರು. ಹಿರಿಯರ ಕಾಲದ ದೊಡ್ಡ ಹಿಂಡು ಈಗ ಏಳಕ್ಕೆ ಇಳಿದಿತ್ತು: ಆರು ಕುರಿ, ಒಂದು ಟಗರು. ಅವು ಮನೆಯ ಹಿಂದಿನ ಹೊಲದಲ್ಲಿ ಮೇಯುತ್ತಿದ್ದವು. ಮಾಯವ್ವ ಬೆಳಿಗ್ಗೆ, ಸಂಜೆ ಕುರಿ ಕೂಡುವ ದಡ್ಡಿಗೆ ಕರೆದು ಶೇಂಗಾ ಹೊಟ್ಟು, ಗೋವಿನಜೋಳದ ನುಚ್ಚು ಹಾಕುತ್ತಿದ್ದಳು. ಮಾಸ್ತರರು ಪಂಚೆ ಎತ್ತಿ ಕಟ್ಟಿ, ಸಣ್ಣವರಿದ್ದಾಗ ತಾಯಿಯ ಬಾಯಲ್ಲಿ ಕೇಳಿದ ಕೂಗನ್ನು ಹಾಕಿದರು.

“ಹ್ಯಾವ್ ಹ್ಯಾವ್ ಹುರ್ರಾ! ಹ್ಯಾವ್ ಹ್ಯಾವ್ ಹುರ್ರಾ!”

ಒಂದು ಕುರಿ ತಲೆ ಎತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಮಿಕ್ಕವು ಅಷ್ಟೂ ಮಾಡಲಿಲ್ಲ. ಮಾಯವ್ವ ಮಾತ್ರ ಕೈಯೊರಸಿಕೊಳ್ಳುತ್ತ ಓಡಿ ಬಂದಳು.

“ಏನಾತ್ರಿ? ಚೇಳ ಕಡೀತೇನು?”

“ಕುರಿ ಕರಿಯಾಕತ್ತೇನಿ.”

“ಹಂಗ ಕರದ್ರ ಎಲ್ಲಿ ಬರ್ತಾವು? ಸರೀರಿ.” ಅವಳು ಬೇಲಿಯ ಹತ್ತಿರ ನಿಂತು, ದನಿಯನ್ನು ಎಳೆದು, “ಕುರ್ರ್ ಕುರ್ರ್ ಬಾರವ್ವಾ” ಎಂದಳು. ಏಳೂ ಓಡಿ ಬಂದವು.

ಇಷ್ಟು ವರ್ಷ ಆ ಹೊತ್ತಿಗೆ ಪೇಪರಿನ ಕನ್ನಡ ತಿದ್ದುತ್ತ ಕೂತಿರುತ್ತಿದ್ದ ಬೀರಸಿದ್ದಪ್ಪನವರು ಈ ಕೂಗಿಗೆ ಎಂದೂ ಕಿವಿಗೊಟ್ಟಿರಲಿಲ್ಲ. “ಇದು ಎಲ್ಲೀ ಕೂಗು?”

“ನಮ್ಮ ತವರಮನೀದ್ರಿ. ಹುಕ್ಕೇರಿ ಕಡೆ ಹಿಂಗ ಕರೀತೇವಿ.”

“ಅಂದ್ರ ನೀ ಬಂದು ನಮ್ಮ ಕುರಿ ಭಾಷಾನೂ ಕೆಡಿಸಿದಿ!”

“ಮೂವತ್ತೆಂಟ ವರ್ಷ ಹೊಟ್ಟಿಗೆ ಹಾಕೇನಿ. ನೀವು ಒಂದ ದಿನಾ ಬುಟ್ಟಿ ಮುಟ್ಟಿಲ್ಲ. ಈಗ ನಾ ಕೆಡಿಸಿದ್ನಂತ!” ಅವಳು ಮೇವಿನ ಬುಟ್ಟಿಯನ್ನು ಅವರ ಕೈಗೆ ತುರುಕಿದಳು. “ತಗೋರಿ. ನಾಳಿಂದ ನೀವ ಹಾಕ್ರಿ. ಸುದ್ದ ಮಾಡ್ರಿ ನಿಮ್ಮ ಕುರಿಗಳನ್ನ.”

ಅವರು ತಾಯಿಯ ಹತ್ತಿರ ಹೋಗಿ, “ಯವ್ವಾ, ನಿನ್ನ ಕೂಗು ಹಳೇದೈತಿಲ್ಲೋ?” ಎಂದು ಕೇಳಿದರು. “ಹಳೇದ ಐತೆಪಾ” ಎಂದಳು ಲಗಮವ್ವ. ಅವರಿಗೆ ಅಷ್ಟು ಸಾಕಾಯಿತು. ಮುದುಕಿಯ ಗಂಟಲಿಗೆ ಈಗ ಹಿತ್ತಲು ದಾಟುವಷ್ಟು ಕಸುವಿರಲಿಲ್ಲ. ಕೂಗುವ ಕೆಲಸ ಮಗನ ಪಾಲಿಗೆ ಬಂತು. ಹನ್ನೆರಡು ದಿನ, ದಿನಕ್ಕೆ ಎರಡು ಸಲ. ಇದೇನು ಮಹಾ, ಎಂಟನೆಯ ತರಗತಿಯ ಹುಡುಗರಿಗೆ ಹಳಗನ್ನಡ ಕಲಿಸಿದವರು ಏಳು ಕುರಿಗಳಿಗೆ ಒಂದು ಕೂಗು ಕಲಿಸಲಾರರೇ ಎಂದುಕೊಂಡರು.

ತೊಂದರೆ ಎಂದರೆ ಹಿತ್ತಲಿನ ಆಚೆಗೆ ಬಸ್ಸಿನ ರಸ್ತೆ. ನಿವೃತ್ತ ಮಾಸ್ತರ, ಕನ್ನಡಕ ಹಾಕಿಕೊಂಡವರು, ಬುಟ್ಟಿ ಹಿಡಿದು ‘ಹ್ಯಾವ್ ಹ್ಯಾವ್’ ಎನ್ನುವುದನ್ನು ಘಟಪ್ರಭಾದ ರೈಲಿಗೆ ಹೋಗುವ ಮಂದಿಯೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಎರಡನೇ ದಿನ ಯಾರೋ ಬಸ್ಸಿನಿಂದಲೇ ತಿರುಗಿ ಹಾಗೆಯೇ ಕೂಗಿದರು. ಅಂದಿನಿಂದ ಬೀರಸಿದ್ದಪ್ಪನವರು ಕೂಗನ್ನು ಒಂದೇ ಸಲ, ಗಂಟಲೊಳಗೇ, ಕೆಮ್ಮಿನಂತೆ ಹಾಕಿ ಮುಗಿಸತೊಡಗಿದರು. ಉಳಿದ ಸಮಯ ಹಾಳಾಗಬಾರದು. ಸಿಗಲಿರುವ ಅರ್ಧ ತಾಸಿನ ತಾಲೀಮನ್ನು ಅಲ್ಲಿಯೇ ಮಾಡಿದರೆ ಹೇಗೆ? ಭಾಷಣ ಮಾಡುವವರನ್ನು ನೋಡಿ ಯಾರೂ ನಗುವುದಿಲ್ಲ. ನಮ್ಮ ಕಡೆ ಅದಕ್ಕೆ ಮರ್ಯಾದೆ ಇದೆ.

ಹೀಗಾಗಿ ದಡ್ಡಿಯ ಮುಂದೆ ದಿನವೂ ಬೆಳಿಗ್ಗೆ, ಸಂಜೆ ಗಂಭೀರವಾದ ದನಿ ಕೇಳತೊಡಗಿತು. “ಮಾನ್ಯ ಅಧ್ಯಕ್ಷರೇ!” ಎಂದು ಒಂದು ಹಿಡಿ ನುಚ್ಚು ತೂರುವುದು. “ವೇದಿಕೆಯ ಮೇಲಿರುವ ಗಣ್ಯರೇ!” ಎಂದು ಇನ್ನೊಂದು ಹಿಡಿ. “ನೆರೆದಿರುವ ನುಡಿಬಾಂಧವರೇ!” ಎಂದು ಮೂರನೆಯದು. ಎಡಗೈಯಲ್ಲಿ ಬುಟ್ಟಿ, ಬಲಗೈಯಲ್ಲಿ ಹಿಡಿ. ದನಿ ಏರಿದಂತೆ ಕೈಯೂ ಏರುತ್ತಿತ್ತು. ಕುರಿಗಳು ಬಹಳ ಏಕಾಗ್ರತೆಯಿಂದ ಕೇಳುತ್ತಿದ್ದವು. ಇಷ್ಟು ಒಳ್ಳೆಯ ವಿದ್ಯಾರ್ಥಿಗಳು ತಮಗೆ ಗೋಕಾಕದಲ್ಲಿ ಸಿಗಲಿಲ್ಲ ಎಂದು ಮಾಸ್ತರರಿಗೆ ಅನ್ನಿಸಿತು.

“ಕೂಗ ಕಲತ್ವೇನ್ರಿ ಕುರಿ?” ಎಂದು ಮಾಯವ್ವ ಎಂಟನೇ ದಿನ ಕೇಳಿದಳು.

“ನಾ ಹೋದ ಕೂಡಲೇ ಬರ್ತಾವು.”

“ಏನಂದ್ರ ಬರ್ತಾವು?”

“ಅದೆಲ್ಲ ನಿನಗ್ಯಾಕ?”

ರವಿವಾರ ಹತ್ತಕ್ಕೆ ಆಮ್ರಪಾಲಿ ಮೇಡಂ, ಶ್ರೀಶೈಲ ಕಾರಿನಿಂದಿಳಿದರು. ಶ್ರೀಶೈಲನ ಕೈಯಲ್ಲಿ ದೊಡ್ಡ ಮೊಬೈಲು, ವಿಡಿಯೋ ತೆಗೆಯಲು. ಲಗಮವ್ವನಿಗೆ ಹಿತ್ತಲಲ್ಲಿ ಕುರ್ಚಿ ಹಾಕಿದ್ದಾಯಿತು. ಬೀರಸಿದ್ದಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬುಟ್ಟಿ ಹಿಡಿದು ದಡ್ಡಿಯ ಬಾಗಿಲಲ್ಲಿ ನಿಂತರು. ಕುರಿಗಳು ಹೊಲದ ಆ ತುದಿಯಲ್ಲಿದ್ದವು.

“ಹ್ಯಾವ್ ಹ್ಯಾವ್ ಹುರ್ರಾ!”

ಒಂದೂ ಅಲುಗಲಿಲ್ಲ.

“ಹ್ಯಾವ್ ಹ್ಯಾವ್ ಹುರ್ರಾ!” ಈ ಸಲ ಬಸ್ಸಿನ ರಸ್ತೆಯ ಹಂಗನ್ನೂ ಬಿಟ್ಟು ಕೂಗಿದರು. ಟಗರು ಅತ್ತ ಮುಖ ತಿರುಗಿಸಿತು. ಮೂರನೆಯ ಸಲ ಕೂಗುವಾಗ ದನಿ ನಡುವೆಯೇ ಒಡೆಯಿತು. ಮಾಯವ್ವನಿಗೆ ಗಂಡನನ್ನು ನೋಡಿ ಪಾಪ ಎನ್ನಿಸಿತು. “ಸರೀರಿ, ನಾ ಕರೀತೇನಿ” ಎಂದು ಮೆಲ್ಲಗೆ ಹೇಳಿ ಬೇಲಿಯ ಹತ್ತಿರ ಹೋಗಿ, “ಕುರ್ರ್ ಕುರ್ರ್ ಬಾರವ್ವಾ” ಎಂದಳು. ಎರಡು ಕುರಿ ತಲೆ ಎತ್ತಿದವು. ನಾಲ್ಕು ಹೆಜ್ಜೆ ಬಂದು, ಯಾಕೋ ಅನುಮಾನ ಬಂದು, ನಿಂತವು. ಮಾಯವ್ವನ ಬಾಯಿ ತೆರೆದೇ ಇತ್ತು.

“ಹನ್ನೆರಡ ದಿನದಾಗ ಮರತ್ವಲ್ರಿ ನನ್ನ!”

“ಮರೀಲಾರದ ಏನ ಮಾಡ್ತಾವು?” ಎಂದಳು ಕುರ್ಚಿಯಲ್ಲಿದ್ದ ಲಗಮವ್ವ. “ಬುಟ್ಟಿ ಯಾರ ಕೈಯಾಗೋ ಕೂಗ ಅವರದು. ನಾ ಸೊಸಿಯಾಗಿ ಬಂದಾಗ ನಮ್ಮತ್ತಿ ಮೊದಲ ದಿನಾನ ಬುಟ್ಟಿ ಕೈಗೆ ಕೊಟ್ಲು. ಎಂಟ ದಿನದಾಗ ಕುರಿ ನಮ್ಮ ತವರಿನ ಕೂಗ ಕಲತ್ವು. ಈ ಮನ್ಯಾಗ ಯಾವತ್ತೂ ಹಂಗ ಬಂದೈತಿ.”

ಬೀರಸಿದ್ದಪ್ಪನವರು ತಿರುಗಿದರು. “ಯವ್ವಾ! ಅಂದ್ರ ನಿನ್ನ ಕೂಗು ಈ ಮನೀದಲ್ಲ?”

“ನಮ್ಮ ತವರೂರಿಂದು. ನಮ್ಮತ್ತೀದು ಬ್ಯಾರೆ ಇತ್ತು, ಅಕಿ ಅತ್ತೀದು ಇನ್ನೂ ಬ್ಯಾರೆ.”

“ಮತ್ತ ಹಳೇದೈತಿ ಅಂದಿ?”

“ಹಳೇದ ಐತೆಲ್ಲೋ? ನಾ ಏನ ನಿನ್ನೆ ಹುಟ್ಟೇನೇನು?”

ಶ್ರೀಶೈಲ ಮೊಬೈಲನ್ನು ಕೆಳಗಿಳಿಸಿದ. ಆಮ್ರಪಾಲಿಯವರು ನಗಲಿಲ್ಲ, ಅದೇ ಬೀರಸಿದ್ದಪ್ಪನವರಿಗೆ ಹೆಚ್ಚು ನೋವು ಕೊಟ್ಟಿತು. ಏಳು ತಲೆಮಾರು ಹೋಯಿತು, ಅರ್ಧ ತಾಸು ಹೋಯಿತು. ಇನ್ನು ಉಳಿದದ್ದು ಮಾನ. ಅದನ್ನಾದರೂ ಉಳಿಸಿಕೊಂಡು ಕ್ಷಮೆ ಕೇಳೋಣ ಎಂದು ಅವರು ಬುಟ್ಟಿಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಆಮ್ರಪಾಲಿಯವರತ್ತ ತಿರುಗಿ, ಎದೆಯುಬ್ಬಿಸಿ, ಗಂಟಲು ಸರಿಪಡಿಸಿಕೊಂಡು ಶುರು ಮಾಡಿದರು.

“ಮಾನ್ಯ ಅಧ್ಯಕ್ಷರೇ!”

ಹೊಲದ ತುದಿಯಲ್ಲಿ ಏಳು ತಲೆಗಳು ಒಮ್ಮೆಲೇ ಎದ್ದವು. ಆಮೇಲೆ ನಡೆದದ್ದನ್ನು ಶ್ರೀಶೈಲನಿಗೆ ವಿಡಿಯೋ ತೆಗೆಯುವುದಕ್ಕೂ ಆಗಲಿಲ್ಲ. ಆರು ಕುರಿ, ಒಂದು ಟಗರು ಬದು ಹಾರಿ, ಬೇಲಿ ಸೀಳಿ, ಬಾವಿಕಟ್ಟೆಯ ಕೊಡ ಉರುಳಿಸಿ ಬಂದವು. ಬೀರಸಿದ್ದಪ್ಪನವರು ಗಾಬರಿಯಿಂದ “ವೇದಿಕೆಯ ಮೇಲಿರುವ...” ಎಂದದ್ದೇ ತಪ್ಪಾಯಿತು. ಟಗರು ಎರಡು ಕಾಲು ಅವರ ಎದೆಯ ಮೇಲಿಟ್ಟಿತು. ನಿವೃತ್ತ ಮಾಸ್ತರರು ಇಸ್ತ್ರಿ ಅಂಗಿಯ ಸಮೇತ ಮೇವಿನ ಗೋದಲಿಯಲ್ಲಿ ಕುಳಿತರು. ಬುಟ್ಟಿ ತಲೆಯ ಮೇಲೆ ಬಿತ್ತು. ಕುರಿಗಳು ಅವರ ಕಿವಿಯ ಹಿಂದಿನ ನುಚ್ಚನ್ನೂ ಬಿಡಲಿಲ್ಲ.

ಮಾಯವ್ವ ಸೆರಗು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದಳು. ಆಮ್ರಪಾಲಿಯವರು ನಗುತ್ತ ನಗುತ್ತ ಕಣ್ಣೀರು ಒರಸಿಕೊಂಡರು.

“ಸರ್, ಹನ್ನೆರಡ ದಿನದಾಗ ನೀವೊಬ್ಬರ ಒಂದು ಶಬ್ದದ ಅರ್ಥ ಬದಲ ಮಾಡಿ ತೋರಿಸೀರಿ! ಈ ಏಳಕ್ಕ ಮಾನ್ಯ ಅಧ್ಯಕ್ಷರೇ ಅಂದ್ರ ಇನ್ನ ಮ್ಯಾಲ ಮೇವು. ನಾ ಐದ ವರ್ಷ ಹುಡುಕಿದ್ರೂ ಇಂಥಾ ಉದಾಹರಣಿ ಸಿಕ್ಕಿರಲಿಲ್ರಿ. ನಿಮಗ ಅರ್ಧ ತಾಸು ಕೊಡ್ತೇನಿ. ಆದ್ರ ವಿಷಯ ಮಾತ್ರ ತಿರುವಿ ಹಾಕ್ರಿ. ಅರ್ಥ ಹೆಂಗ ಬದಲಾಗ್ತೈತಿ ಅಂತ ಮಾತಾಡ್ರಿ.”

ಜೀವಮಾನವೆಲ್ಲ ನಂಬಿಕೊಂಡು ಬಂದದ್ದಕ್ಕೆ ವಿರುದ್ಧವಾಗಿ ವೇದಿಕೆಯ ಮೇಲೆ ನಿಂತು ಹೇಳಬೇಕು. ಬೀರಸಿದ್ದಪ್ಪನವರು ಚಹಾದ ಕಪ್ಪು ಹಿಡಿದು ಗಂಭೀರವಾಗಿ ಯೋಚಿಸಿದರು. ಚಹಾ ತಣ್ಣಗಾಗುವುದರೊಳಗೆ ತತ್ವ ಮೆತ್ತಗಾಯಿತು. “ಬದಲಾವಣೆ ಜಗದ ನಿಯಮ” ಎಂದು ಹೇಳಿ ಒಪ್ಪಿಕೊಂಡರು.

ಮುಂದಿನ ಮೂರು ವಾರ ಅವರು ಬರೆದರು. ಉಪವಾಸ, ಭಯಂಕರ, ಪತ್ರ ಎಲ್ಲ ಬಂದವು. ಒಬ್ಬ ಸೊಸೆ ಬಂದಾಗಲೆಲ್ಲ ಒಂದು ಮನೆಯ ಭಾಷೆಗೆ ಹೊಸ ಕಿಟಕಿ ತೆರೆಯುತ್ತದೆ ಎಂದು ಬರೆದ ದಿನ ಅವರಿಗೇ ಸಂತೋಷ ತಡೆಯಲಾಗಲಿಲ್ಲ. ಶಬ್ದಗಳನ್ನು ಬೈಯುತ್ತ ಕಳೆದ ವರ್ಷಗಳಲ್ಲಿ ಅವುಗಳ ಜೊತೆ ಇಷ್ಟು ಖುಷಿಯಾಗಿ ಅವರು ಎಂದೂ ಕೂತಿರಲಿಲ್ಲ. ಇಪ್ಪತ್ತೆಂಟು ಪುಟವಾಯಿತು. ಪುಟಸಂಖ್ಯೆ ಹಾಕಲಿಲ್ಲ, ತಾವೇ ಬರೆದದ್ದು ತಮಗೆ ಗೊತ್ತಿರುವುದಿಲ್ಲವೇ? ತಾಲೀಮು ದಡ್ಡಿಯಲ್ಲಿಯೇ ನಡೆಯಿತು. ಕುರಿಗಳು ಈಗ ಬೇರೆ ಯಾರ ಮಾತನ್ನೂ ಕೇಳದಂತಾಗಿದ್ದವು. ಮಾಯವ್ವ ಕರೆದರೆ ಸಂಪೂರ್ಣ ಕಿವುಡು.

ನುಡಿ ಜಾತ್ರೆಯ ದಿನ ಮುಂಜಾನೆ ಮಾಯವ್ವ ಗಂಡನ ಧೋತರಕ್ಕೆ ತಾನೇ ಇಸ್ತ್ರಿ ಮಾಡಿದಳು. ಲಗಮವ್ವನೂ ಹಟ ಮಾಡಿ ಟಂಟಂ ರಿಕ್ಷಾ ಏರಿದಳು. ಮೂಡಲಗಿಯ ಸಭಾಭವನ ತುಂಬಿತ್ತು. ಅತ್ತೆ, ಸೊಸೆ ಮೊದಲ ಸಾಲಿನಲ್ಲಿ ಕುಳಿತರು. ಹನ್ನೊಂದೂವರೆಗೆ ಶ್ರೀಶೈಲ ಹೆಸರು ಕರೆದ. ಬೀರಸಿದ್ದಪ್ಪನವರು ಎದ್ದು ಮೈಕಿನ ಮುಂದೆ ಬಂದರು. ಮೈಕಿನವನು ವೈರು ಸುತ್ತುತ್ತಿರಲಿಲ್ಲ. ಕೈಕಟ್ಟಿ ಕುಳಿತು ಅವರನ್ನೇ ನೋಡುತ್ತಿದ್ದ. ಮಾಸ್ತರರು ಇಪ್ಪತ್ತೆಂಟು ಪುಟಗಳನ್ನು ಎಡಗೈಗೆ ಆನಿಸಿಕೊಂಡು, ಸಭೆಯ ಕಡೆಯ ಸಾಲಿನವರೆಗೂ ಒಮ್ಮೆ ನೋಡಿ, ತುಂಬು ದನಿಯಲ್ಲಿ ಹೇಳಿದರು.

“ಮಾನ್ಯ ಅಧ್ಯಕ್ಷರೇ!”

ಬಲಗೈ ತಾನಾಗಿ ಹೋಗಿ ಒಂದು ಹಿಡಿ ತೆಗೆದುಕೊಂಡು ಸಭೆಯ ಮೇಲೆ ತೂರಿತು. ಆರೇಳು ಹಾಳೆ ಗಾಳಿಯಲ್ಲಿ ಹಾರಾಡಿದವು.

ಏನಾಯಿತೆಂದು ಅವರಿಗೆ ಹೊಳೆಯಲಿಲ್ಲ. ನಾಲಿಗೆ ಮುಂದಕ್ಕೆ ಹೋಗಿಯಾಗಿತ್ತು. “ವೇದಿಕೆಯ ಮೇಲಿರುವ ಗಣ್ಯರೇ!” ಇನ್ನೊಂದು ಹಿಡಿ ಗಣ್ಯರ ಮೇಲೆ. “ನೆರೆದಿರುವ ನುಡಿಬಾಂಧವರೇ!” ಮೂರನೆಯದು ದೂರ, ಐದನೇ ಸಾಲಿನ ತನಕ ಹೋಯಿತು. ಎಡಗೈಯಲ್ಲಿ ಏನೂ ಉಳಿಯದಿದ್ದಾಗಲೇ ಅವರು ಬಲಗೈಯನ್ನು ನೋಡಿಕೊಂಡರು. ಆಮ್ರಪಾಲಿಯವರು ಮೇಜಿನ ಹೂದಾನಿಯ ಹಿಂದೆ ಮುಖ ಮುಚ್ಚಿಕೊಂಡಿದ್ದರು. ಉಪನ್ಯಾಸದ ಹೊಸ ಪದ್ಧತಿ ಇರಬೇಕೆಂದು ಕೆಲವರು ಚಪ್ಪಾಳೆ ತಟ್ಟಿದರು.

ಮಾಯವ್ವ ಎದ್ದಳು. ಸಾಲು ಸಾಲಿನಲ್ಲಿ ಬಗ್ಗಿ, ಹಾಳೆಗಳನ್ನು ಸೆರಗಿನಲ್ಲಿ ತುಂಬಿಕೊಂಡು ಬಂದು ಗಂಡನ ಮುಂದೆ ಸುರಿದಳು. “ಓದ್ರಿ” ಎಂದಳು ಮೆಲ್ಲಗೆ. ಅವರು ಎಲ್ಲಕ್ಕಿಂತ ಮೇಲಿದ್ದ ಹಾಳೆ ಎತ್ತಿ, ಕಣ್ಣಿಗೆ ಕಂಡದ್ದನ್ನು ಓದತೊಡಗಿದರು. “...ಹೀಗೆ ಭಾಷೆ ಹರಿಯುತ್ತಲೇ ಇರುತ್ತದೆ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ತಮಗೆಲ್ಲ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.”

ಓದಿ ಮುಗಿದ ಮೇಲೆಯೇ ಅದು ಇಪ್ಪತ್ತೆಂಟನೇ ಪುಟವೆಂದು ತಿಳಿಯಿತು. ಅಷ್ಟರಲ್ಲಿ ಚಪ್ಪಾಳೆ ಬಿದ್ದು ಹೋಗಿತ್ತು. ಇಷ್ಟು ಚಿಕ್ಕ ಭಾಷಣ ಕೇಳಿದ ಸಂತೋಷಕ್ಕೆ ಬಿದ್ದ ಆ ಚಪ್ಪಾಳೆ ಬಹಳ ಜೋರಾಗಿತ್ತು. ಮಾಸ್ತರರ ಅರ್ಧ ತಾಸು ಒಂದೂವರೆ ನಿಮಿಷಕ್ಕೆ ಮುಗಿದಿತ್ತು.

ಆಮ್ರಪಾಲಿಯವರು ಮೈಕು ತೆಗೆದುಕೊಂಡರು. “ಇನ್ನ ಸಾಕಷ್ಟ ವೇಳೆ ಐತಿ. ಕುರಿ ಕೂಗಿನ ಬಗ್ಗೆ ಮಾಯವ್ವನವರು ಎರಡ ಮಾತ ಹೇಳಬೇಕಂತ ಕೇಳ್ಕೋತೇನಿ.”

“ಅಯ್ಯ, ನಂಗೇನ ಬರ್ತೈತ್ರಿ ಯವ್ವಾ” ಎನ್ನುತ್ತಲೇ ಮಾಯವ್ವ ಮೆಟ್ಟಿಲು ಹತ್ತಿದಳು. ಬರುವುದಿಲ್ಲ ಎಂದವಳು ನಲವತ್ತು ನಿಮಿಷ ಮಾತನಾಡಿದಳು. ಮದುವೆಯಾಗಿ ಬಂದ ಮರುದಿನ ಬುಟ್ಟಿ ಹಿಡಿದು ಕರೆದರೆ ಒಂದು ಕುರಿಯೂ ಬರದಿದ್ದದ್ದು, ತಾನು ಬಣವಿಯ ಹಿಂದೆ ಕೂತು ಅತ್ತದ್ದು, ಎಂಟನೇ ದಿನ ಒಂದು ಮರಿ ಬಂದು ಸೀರೆ ಜಗ್ಗಿದ್ದು. “ಅವತ್ತ ನನಗ ಇದು ನನ್ನ ಮನಿ ಅನ್ನಸ್ತರಿ” ಎಂದಾಗ ಹೆಂಗಸರು ಕಣ್ಣೊರಸಿಕೊಂಡರು. ಲಗಮವ್ವ ಕುರ್ಚಿಯಲ್ಲಿ ಕೂತೇ, ಬಾಯಿ ನಡುಗುತ್ತಿದ್ದರೂ, ತನ್ನ ಕೂಗು ಹಾಕಿ ತೋರಿಸಿದಳು. ವೇದಿಕೆಯ ಮೇಲೆ ಕುಳಿತ ಬೀರಸಿದ್ದಪ್ಪನವರು ಮೂವತ್ತೆಂಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಬಣವಿಯ ಸುದ್ದಿ ತಮಗೆ ಗೊತ್ತಿರಲಿಲ್ಲ ಎಂದು ನಾಚಿಕೊಂಡರು. ಅವಳ ಮಾತಿನಲ್ಲಿ ಅವರು ಒಂದು ಶಬ್ದವನ್ನೂ ತಿದ್ದಲಿಲ್ಲ.

ಸಭೆ ಮುಗಿದ ಮೇಲೆ ಗೋಕಾಕದವರು ಬಂದು ಕೈಮುಗಿದರು. ಬರುವ ತಿಂಗಳ ಎಂಟಕ್ಕೆ ತಮ್ಮಲ್ಲೂ ಒಂದು ಕಾರ್ಯಕ್ರಮವಿದೆ, ಒಂದು ತಾಸು ಉಪನ್ಯಾಸ ಆಗಬೇಕು ಎಂದರು. ಬೀರಸಿದ್ದಪ್ಪನವರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

“ಮಾಯವ್ವನವರದ್ರಿ ಸರ್” ಎಂದರು ಗೋಕಾಕದವರು. “ಸಂಜಿ ಐದಕ್ಕ. ನೀವೂ ಜೋಡಿ ಬರಬೇಕ್ರಿ ಮತ್ತ.”

ಮಾಯವ್ವ ಗಂಡನ ಮುಖ ನೋಡಿದಳು. “ಐದಕ್ಕ ಅಂದ್ರ ಕುರಿ ಒಳಗ ತಗೊಳ್ಳೋ ಹೊತ್ತಲ್ರಿ. ನಾ ಕರದ್ರ ಒಂದೂ ಬರಂಗಿಲ್ಲ. ಇವ್ರು ಮನ್ಯಾಗ ಇರಾಕ ಬೇಕು.”

ಎಂಟನೇ ತಾರೀಖು ಸಂಜೆ ಮಾಯವ್ವ ಹಸಿರು ಸೀರೆಯುಟ್ಟು ಗೋಕಾಕದ ವೇದಿಕೆ ಹತ್ತುವ ಹೊತ್ತಿಗೆ ಬೀರಸಿದ್ದಪ್ಪನವರು ದಡ್ಡಿಯ ಮುಂದೆ ನಿಂತಿದ್ದರು. ಇಪ್ಪತ್ತೆಂಟು ಪುಟಗಳಿಗೆ ಈಗ ಕೆಂಪು ಶಾಯಿಯಲ್ಲಿ ಸಂಖ್ಯೆ ಬಿದ್ದಿತ್ತು. ಹಾಳೆಗಳನ್ನು ಗೋಡೆಯ ಮೇಲೆ ಕಲ್ಲಿಟ್ಟು ಭದ್ರ ಮಾಡಿ, ಬುಟ್ಟಿ ಹಿಡಿದು, ಸಭೆಯನ್ನು ಕರೆದರು. ಏಳೂ ಬಂದು ಎದುರಿಗೆ ಸಾಲಾಗಿ ನಿಂತವು. ಅವರು ಪೀಠಿಕೆ ಹಾಕಿದರು. ಯಾರೂ ಅಡ್ಡ ಬರಲಿಲ್ಲ, ಯಾರೂ ಗಡಿಯಾರ ನೋಡಲಿಲ್ಲ. ಮಾತು ರಂಗೇರಿತು. ಒಂಬತ್ತನೇ ಪುಟಕ್ಕೆ ಬರುವ ಹೊತ್ತಿಗೆ ಬುಟ್ಟಿ ಬರಿದಾಯಿತು. ಸಭಿಕರು ಒಬ್ಬೊಬ್ಬರಾಗಿ ಬೆನ್ನು ತಿರುಗಿಸಿ ಒಳಗೆ ಹೋಗಿ ಮಲಗಿದರು. ಟಗರು ಮಾತ್ರ ಒಂದು ಕ್ಷಣ ನಿಂತು, ಗೋಡೆಯ ಮೇಲಿನ ಹತ್ತನೇ ಪುಟವನ್ನು ಜಗ್ಗಿ ತಿಂದು, ಅದೂ ಹೋಯಿತು.